ಅರ್ಧ ಸುಟ್ಟರೆ ಸಾಕು

ಯಾದಗಿರಿಯಿಂದ ರಾಯಚೂರಿನ ಕಡೆ ಹೊರಟ ರೈಲು ಸೈದಾಪುರದ ಸುತ್ತಮುತ್ತ ಹಾದುಹೋಗುವ ಸೀಮೆಯಲ್ಲಿ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶವಿದೆ. 2009ರ ಡಿಸೆಂಬರ್ 30ರಂದು ಯಾದಗಿರಿ ಹೊಸ ಜಿಲ್ಲೆಯಾಯಿತು. ಆಮೇಲಿನ ಕೆಲವೇ ವರ್ಷಗಳಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲಿ 3,000 ಎಕರೆಗೂ ಹೆಚ್ಚು ಹೊಲವನ್ನು ಸ್ವಾಧೀನ ಮಾಡಿಕೊಂಡಿತು. ರೈಲ್ವೆ ಬೋಗಿ ಘಟಕ ಬಂತು. ಅದರ ಹಿಂದೆಯೇ ಔಷಧ ಮತ್ತು ರಾಸಾಯನಿಕ ಘಟಕಗಳು ಬಂದವು. ಔಷಧ ಉದ್ಯಮದ ರಾಜಧಾನಿ ಎನಿಸಿಕೊಂಡ ಹೈದರಾಬಾದು ಇಲ್ಲಿಗೆ ಹತ್ತಿರ. ಅಲ್ಲಿ ಜಾಗ ಇಕ್ಕಟ್ಟಾಗಿ ನಿಯಮಗಳು ಬಿಗಿಯಾದಂತೆ ಗಡಿಯ ಈಚೆಗಿನ ಅಗ್ಗದ ಭೂಮಿ ಉದ್ಯಮಿಗಳ ಕಣ್ಣಿಗೆ ಬೀಳುವುದು ಸಹಜ.

ಘಟಕಗಳು ಬಂದ ಮೇಲೆ ದೂರುಗಳೂ ಬಂದವು. ರಾತ್ರಿ ಹೊತ್ತು ಮೂಗು ಕಟ್ಟಿಸುವ ಘಾಟು ವಾಸನೆ, ಹಳ್ಳದ ನೀರು ಕೆಟ್ಟಿತೆಂಬ ಆತಂಕ, ಬೋರಿನ ನೀರು ಕುಡಿಯಬಹುದೇ ಎಂಬ ಅನುಮಾನ. ಇವೆಲ್ಲ ಸ್ಥಳೀಯ ಪತ್ರಿಕೆಗಳ ಓದುಗರಿಗೆ ಪರಿಚಿತ ಸುದ್ದಿ. ಯಾರ ತಪ್ಪು ಎಷ್ಟು ಎಂಬುದನ್ನು ತೀರ್ಮಾನಿಸಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ನ್ಯಾಯಾಲಯಗಳು. ಈ ಅಧ್ಯಾಯಕ್ಕೆ ಬೇಕಿರುವುದು ಅದಕ್ಕೂ ಮೊದಲಿನ ಪ್ರಶ್ನೆ: ಔಷಧ ಕಾರ್ಖಾನೆಯಿಂದ ಹೊರಬೀಳುವ ನೀರನ್ನು ರಸಾಯನಶಾಸ್ತ್ರದ ಬಲದಿಂದ ಶುದ್ಧಗೊಳಿಸಲು ಸಾಧ್ಯವೇ? ಸಾಧ್ಯವಾದರೆ ಅದಕ್ಕೆ ಎಷ್ಟು ಕರೆಂಟು ಸುಡಬೇಕು?

ಔಷಧ ತಯಾರಿಕೆ ಒಂದು ವಿಚಿತ್ರ ಕಸುಬು. ಮಾಲು ಕಡಿಮೆ, ಕಸ ಹೆಚ್ಚು. ರಸಾಯನ ವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲಿ ಪ್ರತಿ ಉದ್ಯಮಕ್ಕೂ ಒಂದು ಲೆಕ್ಕ ಹಾಕಿದರು. ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ತ್ಯಾಜ್ಯ? ಪೆಟ್ರೋಲ್ ಶುದ್ಧೀಕರಣದಲ್ಲಿ ಅದು ಕಿಲೋದ ಹತ್ತನೇ ಒಂದು ಭಾಗದಷ್ಟು. ಔಷಧಗಳಲ್ಲಿ 25ರಿಂದ 100 ಕಿಲೋ, ಕೆಲವೊಮ್ಮೆ ಇನ್ನೂ ಹೆಚ್ಚು. ಐದಾರು ಹಂತಗಳಲ್ಲಿ ಅಣುವನ್ನು ಕಟ್ಟುವಾಗ ಪ್ರತಿ ಹಂತದಲ್ಲೂ ಮೆಥನಾಲ್, ಟಾಲ್ವೀನ್, ಅಸಿಟೋನ್‌ನಂಥ ದ್ರಾವಕಗಳು ಬೇಕು. ಆಮ್ಲ ಹಾಕಿ, ಕ್ಷಾರದಿಂದ ತಟಸ್ಥಗೊಳಿಸಿದರೆ ಉಪ್ಪು ಉಳಿಯುತ್ತದೆ. ಹರಳುಗಟ್ಟಿದ ಮಾಲನ್ನು ಸೋಸಿ ತೆಗೆದ ಮೇಲೆ ಉಳಿಯುವ ಕಂದು ದ್ರವಕ್ಕೆ ಕಾರ್ಖಾನೆಯವರು ‘ಮದರ್ ಲಿಕ್ಕರ್’ ಎನ್ನುತ್ತಾರೆ. ಕಷ್ಟವೆಲ್ಲ ಬಹುಪಾಲು ಅದರಲ್ಲೇ ಇದೆ.

ಎರಡು ಅಂಕಿಗಳ ಜಗಳ

ಕಾರ್ಖಾನೆಯ ನೀರಿನ ಜಾತಕ ಓದಲು ಎರಡು ಅಂಕಿ ಗೊತ್ತಿರಬೇಕು: ಸಿಓಡಿ ಮತ್ತು ಬಿಓಡಿ.

ಸಿಓಡಿ ಎಂದರೆ ನೀರಿನಲ್ಲಿರುವ ಸಾವಯವ ವಸ್ತುವನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕ. ಪ್ರಯೋಗಾಲಯದಲ್ಲಿ ಮಾದರಿಗೆ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಸೇರಿಸಿ, ಸುಮಾರು 150 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸುತ್ತಾರೆ. ಎಷ್ಟು ಡೈಕ್ರೋಮೇಟ್ ಖರ್ಚಾಯಿತೋ ಅಷ್ಟು ಕೊಳೆ ಇತ್ತೆಂದು ಲೆಕ್ಕ. ಬಿಓಡಿ ಎಂದರೆ ಅದೇ ನೀರನ್ನು ಸೂಕ್ಷ್ಮಜೀವಿಗಳ ಮುಂದಿಟ್ಟರೆ ಅವು ತಿಂದು ಜೀರ್ಣಿಸಲು ಬಳಸುವ ಆಮ್ಲಜನಕ. ನಮ್ಮ ದೇಶದ ಪದ್ಧತಿಯಲ್ಲಿ 27 ಡಿಗ್ರಿ ಶಾಖದಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ನದಿ, ಹಳ್ಳಗಳಿಗೆ ಬಿಡುವ ಕೈಗಾರಿಕಾ ನೀರಿಗೆ ಕೇಂದ್ರದ ಸಾಮಾನ್ಯ ಮಾನದಂಡ ಹೀಗಿದೆ: ಲೀಟರ್‌ಗೆ ಸಿಓಡಿ 250 ಮಿಲಿಗ್ರಾಂ, ಬಿಓಡಿ 30 ಮಿಲಿಗ್ರಾಂ ಮೀರಬಾರದು.

ಒಂದೊಂದೇ ಅಂಕಿ ನೋಡಿದರೆ ನೀರು ಎಷ್ಟು ಕೊಳೆಯಾಗಿದೆ ಎಂದಷ್ಟೇ ತಿಳಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಥೆ ಬಿಚ್ಚಿಕೊಳ್ಳುತ್ತದೆ. ಶಹಾಪುರ ಸೀಮೆಯ ಸಕ್ಕರೆ ಕಾರ್ಖಾನೆಯ ನೀರನ್ನೋ ಭತ್ತ ನೆನೆಸಿ ಕುದಿಸಿದ ಗಿರಣಿಯ ನೀರನ್ನೋ ತೆಗೆದುಕೊಳ್ಳಿ. ಸಿಓಡಿ ಸಾವಿರಗಳಲ್ಲಿರಬಹುದು, ಆದರೆ ಬಿಓಡಿ ಅದರ ಅರ್ಧಕ್ಕೂ ಮೇಲಿರುತ್ತದೆ. ಸಕ್ಕರೆ, ಪಿಷ್ಟಗಳೆಂದರೆ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅಲ್ಲಿ ದುಬಾರಿ ರಾಸಾಯನಿಕ ಸುರಿಯುವುದು ದುಡ್ಡಿನ ದಂಡ. ಗಾಳಿಯಿಲ್ಲದ ಮುಚ್ಚಿದ ತೊಟ್ಟಿಯಲ್ಲಿ ಜೀವಿಗಳಿಗೆ ಬಿಟ್ಟರೆ ಪ್ರತಿ ಕಿಲೋ ಸಿಓಡಿಗೆ 0.35 ಘನ ಮೀಟರ್‌ವರೆಗೆ ಮೀಥೇನ್ ಅನಿಲವನ್ನೇ ವಾಪಸು ಕೊಡುತ್ತವೆ.

ಮದರ್ ಲಿಕ್ಕರ್ ಸೇರಿದ ಔಷಧ ಕಾರ್ಖಾನೆಯ ನೀರಿನಲ್ಲಿ ಬಿಓಡಿಯು ಸಿಓಡಿಯ ಐದನೇ ಒಂದು ಭಾಗಕ್ಕಿಂತ ಕೆಳಗೆ ಕುಸಿದಿರಬಹುದು. ಕೊಳೆ ಇದೆ, ತಿನ್ನುವವರಿಲ್ಲ ಎಂದು ಇದರ ಅರ್ಥ. ಬೆಂಜೀನ್ ಉಂಗುರ, ಕ್ಲೋರಿನ್ ಮತ್ತು ಫ್ಲೋರಿನ್ ಅಂಟಿಕೊಂಡ ಉಂಗುರ, ಸಾರಜನಕ ಹೆಣೆದ ಉಂಗುರಗಳನ್ನು ಒಡೆಯುವ ಕಿಣ್ವಗಳು ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲಿ ವಿರಳ. ಇನ್ನು ಪ್ರತಿಜೀವಕದ ವಿಷಯದಲ್ಲಂತೂ ಊಟವೇ ಉಣ್ಣುವವನನ್ನು ಕೊಲ್ಲುತ್ತದೆ. ಇಲ್ಲಿ ರಾಸಾಯನಿಕವಾಗಿ ಸುಡುವುದಕ್ಕೆ, ಅಂದರೆ ಉತ್ಕರ್ಷಣೆಗೆ, ನಿಜವಾದ ಕೆಲಸವಿದೆ.

ಕಬ್ಬಿಣದ ಚಿಟಿಕೆ

1876ರಲ್ಲಿ ಕೇಂಬ್ರಿಡ್ಜ್‌ನ ವಿದ್ಯಾರ್ಥಿ ಹೆನ್ರಿ ಫೆಂಟನ್ ಒಂದು ಸೋಜಿಗ ಕಂಡ. ಹುಣಸೆಯಲ್ಲಿ ಹೇರಳವಾಗಿರುವ ಟಾರ್ಟಾರಿಕ್ ಆಮ್ಲಕ್ಕೆ ಚೂರು ಕಬ್ಬಿಣದ ಲವಣ, ಚೂರು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ, ಆಮೇಲೆ ಕ್ಷಾರ ಹಾಕಿದಾಗ ಗಾಢ ನೇರಳೆ ಬಣ್ಣ ಬಂತು. ಪೆರಾಕ್ಸೈಡ್ ಒಂದರಿಂದಲೇ ಆಗದ ಕೆಲಸ ಕಬ್ಬಿಣದ ಚಿಟಿಕೆಯಿಂದ ಆಗಿತ್ತು. ಇದರ ವಿವರವಾದ ಪ್ರಬಂಧ 1894ರಲ್ಲಿ ಪ್ರಕಟವಾಯಿತು. ನಡುವೆ ಏನು ಜರುಗುತ್ತದೆ ಎಂಬುದಕ್ಕೆ ಫ್ರಿಟ್ಜ್ ಹೇಬರ್ ಮತ್ತು ಜೋಸೆಫ್ ವೈಸ್ 1934ರಲ್ಲಿ ಒಂದು ಉತ್ತರ ಮುಂದಿಟ್ಟರು. ಅದರ ಹೆಸರು ಹೈಡ್ರಾಕ್ಸಿಲ್ ರ‍್ಯಾಡಿಕಲ್.

ಪೆರಾಕ್ಸೈಡ್ ಅಣುವಿಗೆ ಫೆರಸ್ ಕಬ್ಬಿಣ ಒಂದು ಎಲೆಕ್ಟ್ರಾನ್ ದಾನ ಮಾಡುತ್ತದೆ. ಅಣು ಎರಡಾಗಿ ಸೀಳುತ್ತದೆ. ಒಂದು ಭಾಗ ಸಾಧುವಾದ ಹೈಡ್ರಾಕ್ಸೈಡ್ ಅಯಾನು. ಇನ್ನೊಂದು ಜೊತೆಗಾರನಿಲ್ಲದ ಎಲೆಕ್ಟ್ರಾನನ್ನು ಹೊತ್ತ ರ‍್ಯಾಡಿಕಲ್. ಉತ್ಕರ್ಷಣ ಶಕ್ತಿಯನ್ನು ವೋಲ್ಟ್‌ಗಳಲ್ಲಿ ಅಳೆದರೆ ಕ್ಲೋರಿನ್‌ಗೆ 1.36, ಪೆರಾಕ್ಸೈಡ್‌ಗೆ 1.78, ಓಝೋನ್‌ಗೆ 2.07. ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗೆ 2.8. ಎದುರು ಸಿಕ್ಕ ಯಾವುದೇ ಸಾವಯವ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಇಲ್ಲವೇ ಬೆಂಜೀನ್ ಉಂಗುರಕ್ಕೆ ತಾನೇ ಅಂಟಿಕೊಂಡು ಅದನ್ನು ಸಡಿಲಿಸುತ್ತದೆ. ಇಷ್ಟು ಆತುರದ ಕಣ ಹೆಚ್ಚು ಹೊತ್ತು ಬದುಕದು. ಹುಟ್ಟಿದಲ್ಲೇ ಯಾವುದಾದರೊಂದು ಅಣುವಿಗೆ ಬಡಿದು ಮುಗಿಯುತ್ತದೆ. ಆದ್ದರಿಂದ ಅದನ್ನು ಡಬ್ಬಿಯಲ್ಲಿ ತುಂಬಿ ತರುವಂತಿಲ್ಲ. ಕೊಳೆಯ ಮಧ್ಯೆಯೇ ಹುಟ್ಟಿಸಬೇಕು.

ಕಾರ್ಖಾನೆಯಲ್ಲಿ ಈ ‘ಫೆಂಟನ್’ ವಿಧಾನ ಸರಳ ಕೆಲಸ. ತೊಟ್ಟಿಯ ನೀರಿಗೆ ಗಂಧಕಾಮ್ಲ ಹಾಕಿ ಪಿಎಚ್ 3ರ ಆಸುಪಾಸಿಗೆ ಇಳಿಸಬೇಕು. ಅದಕ್ಕಿಂತ ಮೇಲಾದರೆ ಕಬ್ಬಿಣ ತುಕ್ಕಿನಂತೆ ಕೆಳಗೆ ಕೂರುತ್ತದೆ. ಫೆರಸ್ ಸಲ್ಫೇಟ್ ಕರಗಿಸಿ, ಪೆರಾಕ್ಸೈಡನ್ನು ನಿಧಾನ ಬಿಡಬೇಕು. ಒಂದೆರಡು ಗಂಟೆಯ ನಂತರ ಸುಣ್ಣ ಹಾಕಿ ಪಿಎಚ್ ಏರಿಸಿದರೆ ಕಬ್ಬಿಣ ಕೆಂಪು ಸ್ಲಡ್ಜ್ ಆಗಿ ಇಳಿಯುತ್ತದೆ. ದೊಡ್ಡ ಯಂತ್ರ ಬೇಡ, ಒತ್ತಡ ಬೇಡ, ಕಾಯಿಸುವುದೂ ಬೇಡ. ಯಾದಗಿರಿಯಂಥ ಊರಿನಲ್ಲಿ ಕಾಯಿಸುವುದಕ್ಕಿಂತ ತಂಪಾಗಿಡುವುದೇ ಚಿಂತೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದಲ್ಲಿ ಇಲ್ಲಿಯ ಶಾಖ 40 ಡಿಗ್ರಿ ಮೀರುತ್ತದೆ. ಪ್ರತಿಕ್ರಿಯೆಯ ಬಿಸಿಯೂ ಸೇರಿದರೆ ಪೆರಾಕ್ಸೈಡ್ ರ‍್ಯಾಡಿಕಲ್ ಆಗುವ ಬದಲು ಸುಮ್ಮನೆ ನೀರು ಮತ್ತು ಆಮ್ಲಜನಕವಾಗಿ ಒಡೆದು ವ್ಯರ್ಥವಾಗುತ್ತದೆ. ಬೆಳಗಿನ ಜಾವದ ಪಾಳಿಯಲ್ಲಿ ಈ ಕೆಲಸ ಮುಗಿಸುವುದು ಇಲ್ಲಿಯ ಹವೆಗೆ ಒಪ್ಪುವ ಮಾತು.

ಕರೆಂಟಿನ ಲೆಕ್ಕ

ಪೆರಾಕ್ಸೈಡ್ ಹಾಕುತ್ತ ಹೋದರೆ ಕೊನೆಗೆ ಎಲ್ಲ ಸಾವಯವ ವಸ್ತುವೂ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಬೇಕಲ್ಲವೇ? ಕಾಗದದ ಮೇಲೆ ಆಗುತ್ತದೆ. ಕಿಸೆ ಖಾಲಿಯಾಗುವುದು ಅಲ್ಲಿಯೇ.

ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಬಿಡುವ ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳೋಣ. ಸಿಓಡಿ ಲೀಟರ್‌ಗೆ 10,000 ಮಿಲಿಗ್ರಾಂ ಇರಲಿ. ಅಂದರೆ ದಿನಕ್ಕೆ 1,000 ಕಿಲೋ ಸಿಓಡಿ. ಒಂದು ಕಿಲೋ ಸಿಓಡಿಯನ್ನು ಪೂರ್ತಿ ಸುಡಲು ರಸಾಯನ ಸಮೀಕರಣದ ಪ್ರಕಾರ 2.125 ಕಿಲೋ ಶುದ್ಧ ಪೆರಾಕ್ಸೈಡ್ ಬೇಕು. ಎಲ್ಲ ಸುಡಲು ದಿನಕ್ಕೆ 2,125 ಕಿಲೋ; ಮಾರುಕಟ್ಟೆಯಲ್ಲಿ ಸಿಗುವ ಶೇ 50ರ ದ್ರಾವಣದಲ್ಲಿ ನಾಲ್ಕೂಕಾಲು ಟನ್. ಪೆರಾಕ್ಸೈಡ್ ತಯಾರಾಗುವಲ್ಲಿಯೂ ಶಕ್ತಿ ಖರ್ಚಾಗಿರುತ್ತದೆ. ಸಂಶೋಧಕರು ಸಾಮಾನ್ಯವಾಗಿ ಕಿಲೋಗೆ ಸುಮಾರು 10 ಯೂನಿಟ್ ಎಂದು ಹಿಡಿಯುತ್ತಾರೆ. ಹಾಗೆ ಹಿಡಿದರೆ ದಿನಕ್ಕೆ 21,000 ಯೂನಿಟ್ ದಾಟಿತು.

ರಾಸಾಯನಿಕವೇ ಬೇಡ, ನೇರ ಕರೆಂಟಿನಿಂದಲೇ ಸುಡೋಣ ಎಂದರೆ ವಿದ್ಯುದ್ವಾರಗಳ ದಾರಿ ಇದೆ. ಬೋರಾನ್ ಬೆರೆಸಿದ ಕೃತಕ ವಜ್ರದ ಪದರ ಬಳಿದ ಆನೋಡಿನ ಮೈಮೇಲೆ ನೀರೇ ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ತಂತ್ರ ಸೊಗಸಾಗಿದೆ. ಆದರೆ ಫ್ಯಾರಡೆಯ ನಿಯಮದಿಂದ ಯಾರಿಗೂ ರಿಯಾಯಿತಿ ಇಲ್ಲ. ಒಂದು ಕಿಲೋ ಸಿಓಡಿಗೆ 3,350 ಆಂಪಿಯರ್-ಗಂಟೆ ವಿದ್ಯುತ್ ಹರಿಯಲೇಬೇಕು. 5 ವೋಲ್ಟ್ ಒತ್ತಡದಲ್ಲಿ ಅದು ಸುಮಾರು 17 ಯೂನಿಟ್. ಒಂದು ಎಲೆಕ್ಟ್ರಾನೂ ಪೋಲಾಗದಿದ್ದರೂ 1,000 ಕಿಲೋಗೆ 17,000 ಯೂನಿಟ್ ಬೇಕು. ನೀರಿನಲ್ಲಿ ಕೊಳೆ ಕಡಿಮೆಯಾದಂತೆ ಪೋಲು ಹೆಚ್ಚುತ್ತದೆ.

ಇನ್ನು ಸೂಕ್ಷ್ಮಜೀವಿಗಳ ಕಡೆ ನೋಡಿ. ಏರೇಷನ್ ಟ್ಯಾಂಕಿನಲ್ಲಿ ಗಾಳಿ ಊದುವ ಯಂತ್ರ ಒಂದು ಯೂನಿಟ್ ಕರೆಂಟಿಗೆ ಒಂದರಿಂದ ಎರಡು ಕಿಲೋ ಆಮ್ಲಜನಕವನ್ನು ನೀರಿಗೆ ಇಳಿಸುತ್ತದೆ. ಆಮ್ಲಜನಕ ಪುಕ್ಕಟೆ, ಗಾಳಿಯಲ್ಲೇ ಇದೆ. ಅದೇ ಸಾವಿರ ಕಿಲೋ ಸಿಓಡಿಗೆ ಹೆಚ್ಚೆಂದರೆ ಸಾವಿರ ಯೂನಿಟ್. ಇಪ್ಪತ್ತು ಪಟ್ಟು ಅಗ್ಗ. ಉತ್ಕರ್ಷಣೆಯ ಯಂತ್ರ ಮಾರುವವರು ಈ ಹೋಲಿಕೆಯನ್ನು ಗಿರಾಕಿಯ ಮುಂದೆ ಇಡುವುದು ವಿರಳ.

ಹಾಗಾದರೆ ಅಡ್ಡದಾರಿ ಏನು? ನಮ್ಮ ಕಡೆ ಜೋಳದ ಕಣಿಕಿಯನ್ನು ಎತ್ತಿಗೆ ಹಾಕುವಾಗ ಕತ್ತರಿಸಿ ಹಾಕುತ್ತಾರೆ. ಹಿಟ್ಟು ಮಾಡಿ ಯಾರೂ ಹಾಕುವುದಿಲ್ಲ. ಅಗಿಯುವಷ್ಟು ತುಂಡಾದರೆ ಮುಂದಿನದು ಎತ್ತಿನ ಕೆಲಸ. ಫೆಂಟನ್‌ಗೂ ಅಷ್ಟೇ ಕೆಲಸ ಕೊಡಬೇಕು. ಉಂಗುರ ಒಡೆದು ಅಸಿಟಿಕ್, ಆಕ್ಸಾಲಿಕ್, ಫಾರ್ಮಿಕ್‌ನಂಥ ಸಣ್ಣ ಆಮ್ಲಗಳಾದರೆ ಅಲ್ಲಿಗೆ ನಿಲ್ಲಿಸಿ ಸೂಕ್ಷ್ಮಜೀವಿಗಳ ತೊಟ್ಟಿಗೆ ಬಿಡಬೇಕು. ನಮ್ಮ ಕಾಲ್ಪನಿಕ ಘಟಕದಲ್ಲಿ ಶೇ 90ರಷ್ಟನ್ನು ಮೊದಲು ಜೀವಿಗಳೇ ತಿಂದವು ಎಂದುಕೊಳ್ಳಿ. ಉಳಿದ ಗಟ್ಟಿ ಕೊಳೆ 100 ಕಿಲೋ. ಅದರಲ್ಲಿ ಅರ್ಧ ಸುಟ್ಟರೆ ಸಾಕು ಎಂದರೆ ಬೇಕಾಗುವ ಪೆರಾಕ್ಸೈಡ್ 106 ಕಿಲೋ. ಎಲ್ಲ ಸೇರಿ ದಿನಕ್ಕೆ ಸುಮಾರು 2,000 ಯೂನಿಟ್. ಯಂತ್ರ ಬದಲಾಗಿಲ್ಲ, ಕೆಲಸ ಹಂಚಿದ ಕ್ರಮವಷ್ಟೇ ಬದಲಾಗಿದೆ. ಖರ್ಚು ಹತ್ತನೇ ಒಂದಕ್ಕೆ ಇಳಿಯಿತು.

ಇದರಲ್ಲಿ ಒಂದು ಅಪಾಯವೂ ಅಡಗಿದೆ. ಅರ್ಧ ಒಡೆದ ಅಣು ಕೆಲವೊಮ್ಮೆ ಮೂಲ ಅಣುವಿಗಿಂತ ಹೆಚ್ಚು ವಿಷಕಾರಿ. ಆದ್ದರಿಂದ ಸಿಓಡಿ ಇಳಿದಿದೆ ಎಂದು ಕಾಗದ ತೋರಿಸಿದರೆ ಸಾಲದು. ಕೇಂದ್ರದ ಮಾನದಂಡದಲ್ಲಿ ಮೀನಿನ ಪರೀಕ್ಷೆಯೂ ಇದೆ: ಬೆರಕೆ ಮಾಡದ ತ್ಯಾಜ್ಯನೀರಿನಲ್ಲಿ ಬಿಟ್ಟ ಮೀನುಗಳಲ್ಲಿ ಶೇ 90ರಷ್ಟು 96 ಗಂಟೆ ಬದುಕಿರಬೇಕು. ಅರ್ಧ ಸುಡುವ ವಿಧಾನಕ್ಕೆ ನಿಜವಾದ ಪ್ರಮಾಣಪತ್ರ ಕೊಡುವುದು ಇಂಥ ಪರೀಕ್ಷೆ.

ಯಂತ್ರಗಳ ಸಾಲು

ರ‍್ಯಾಡಿಕಲ್ ಹುಟ್ಟಿಸಲು ಫೆಂಟನ್ ಒಂದೇ ದಾರಿಯಲ್ಲ. ಸಂತೆಯಲ್ಲಿ ಹಲವು ಬಗೆಯ ಯಂತ್ರಗಳಿವೆ. ಅವುಗಳನ್ನು ತೂಗಲು ಜೇಮ್ಸ್ ಬೋಲ್ಟನ್ ಮತ್ತು ಸಂಗಡಿಗರು 2001ರಲ್ಲಿ ಒಂದು ಅಳತೆಗೋಲನ್ನು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟದ ಮೂಲಕ ರೂಢಿಗೆ ತಂದರು. ಸಾವಿರ ಲೀಟರ್ ನೀರಿನಲ್ಲಿರುವ ಒಂದು ಮಾಲಿನ್ಯವನ್ನು ಹತ್ತನೇ ಒಂದಕ್ಕೆ ಇಳಿಸಲು ಎಷ್ಟು ಯೂನಿಟ್ ಬೇಕು? ಒಂದು ಯಂತ್ರಕ್ಕೆ 1 ಯೂನಿಟ್ ಸಾಕಾದರೆ ಶೇ 90 ತೆಗೆಯಲು 1, ಶೇ 99ಕ್ಕೆ 2, ಶೇ 99.9ಕ್ಕೆ 3 ಯೂನಿಟ್. ಕೊನೆಯ ಚೂರನ್ನು ತೆಗೆಯಲು ಮೊದಲಿನ ದೊಡ್ಡ ಪಾಲಿಗೆ ಆದಷ್ಟೇ ಖರ್ಚು ಎಂಬ ಕಹಿಸತ್ಯ ಈ ಅಳತೆಯಲ್ಲೇ ಅಡಗಿದೆ.

2018ರಲ್ಲಿ ಜರ್ಮನಿಯ ಸಂಶೋಧಕರ ತಂಡವೊಂದು ಪ್ರಕಟಿತ ಅಂಕಿಗಳನ್ನು ಒಟ್ಟುಗೂಡಿಸಿ ಯಂತ್ರಗಳನ್ನು ಮೂರು ಪಂಕ್ತಿಯಲ್ಲಿ ಕೂರಿಸಿತು. ಓಝೋನ್, ಓಝೋನ್ ಜೊತೆ ಪೆರಾಕ್ಸೈಡ್, ನೇರಳಾತೀತ ದೀಪದ ಜೊತೆ ಪೆರಾಕ್ಸೈಡ್ ಅಥವಾ ಪರ್‌ಸಲ್ಫೇಟ್ ಮೊದಲ ಪಂಕ್ತಿಯವು. ನಡುವಣ ಲೆಕ್ಕದಲ್ಲಿ 1 ಯೂನಿಟ್‌ಗಿಂತ ಕಡಿಮೆ. ಬೆಳಕಿನ ಫೆಂಟನ್, ಪ್ಲಾಸ್ಮಾ, ವಿದ್ಯುದ್ವಾರದ ವಿಧಾನಗಳು ಎರಡನೆಯ ಪಂಕ್ತಿ. 1ರಿಂದ 100 ಯೂನಿಟ್. ದೀಪ ಹಚ್ಚಿ ನಡೆಸುವ ಟೈಟಾನಿಯಂ ಡೈಆಕ್ಸೈಡ್, ಅಲ್ಟ್ರಾಸೌಂಡ್, ಮೈಕ್ರೋವೇವ್ ವಿಧಾನಗಳು ಕೊನೆಯ ಪಂಕ್ತಿ; 100 ಯೂನಿಟ್‌ಗೂ ಮೇಲೆ. ಸಂಶೋಧನಾ ಪ್ರಬಂಧಗಳಲ್ಲಿ ಅತಿ ಹೆಚ್ಚು ಮಿಂಚುವ ಕೆಲವು ವಿಧಾನಗಳು ಕರೆಂಟ್ ಬಿಲ್ಲಿನ ಮುಂದೆ ತಲೆ ತಗ್ಗಿಸುತ್ತವೆ ಎಂಬುದು ಈ ಪಟ್ಟಿಯ ಪಾಠ.

ಆದರೆ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಇಂಥ ಅಂಕಿಗಳು ಬಹುಪಾಲು ತಿಳಿನೀರಿನವು. ನೇರಳಾತೀತ ದೀಪದ 254 ನ್ಯಾನೋಮೀಟರ್ ಬೆಳಕು ಮದರ್ ಲಿಕ್ಕರಿನ ಕಂದು ನೀರಿನಲ್ಲಿ ಬೆರಳಗಲ ದೂರವೂ ಸಾಗುವುದು ಕಷ್ಟ. ಬಣ್ಣ ತೆಗೆಯಲು ಓಝೋನ್ ಮೇಲು. ಜೋಡಿ ಬಂಧವಿರುವ ಕಡೆಗೇ ನೇರವಾಗಿ ಹೋಗಿ ಕಡಿಯುತ್ತದೆ. ಫ್ರಾನ್ಸಿನ ನೀಸ್ ನಗರ 1906ರಿಂದಲೇ ಕುಡಿಯುವ ನೀರಿಗೆ ಓಝೋನ್ ಬಳಸಿತು. ಆಮ್ಲಜನಕದಿಂದ ಒಂದು ಕಿಲೋ ಓಝೋನ್ ಮಾಡಲು ಹತ್ತು ಯೂನಿಟ್ ಆಸುಪಾಸು ಬೇಕು. ಆದ್ದರಿಂದ ಸಿಓಡಿ ಸಾವಿರಗಳಲ್ಲಿರುವ ನೀರಿಗೆ ಅದೂ ದುಬಾರಿಯೇ. ಕೊನೆಯ ಹಂತದ ತೆಳು ನೀರಿಗೆ ಮಾತ್ರ ಒಪ್ಪುತ್ತದೆ.

ಅಲ್ಟ್ರಾಸೌಂಡಿನ ತತ್ವವನ್ನು ಅಗ್ಗವಾಗಿ ನಡೆಸುವ ಪ್ರಯತ್ನ ನಮ್ಮ ದೇಶದಲ್ಲೇ ಗಟ್ಟಿಯಾಗಿ ನಡೆದಿದೆ. ನೀರಿನಲ್ಲಿ ಸಣ್ಣ ಆವಿಗುಳ್ಳೆಗಳು ಹುಟ್ಟಿ ಒಮ್ಮೆಲೇ ಕುಸಿದರೆ ಆ ಬಿಂದುವಿನಲ್ಲಿ ಕ್ಷಣಕಾಲ ಸಾವಿರಾರು ಡಿಗ್ರಿ ಶಾಖ ಹುಟ್ಟುತ್ತದೆ. ಅಲ್ಲಿ ನೀರಿನ ಅಣುವೇ ಒಡೆದು ರ‍್ಯಾಡಿಕಲ್ ಆಗುತ್ತದೆ. ಶಬ್ದದ ಬದಲು ಸಾಮಾನ್ಯ ಪಂಪಿನಿಂದ ನೀರನ್ನು ಕಿರಿದಾದ ರಂಧ್ರದ ಮೂಲಕ ನುಗ್ಗಿಸಿದರೂ ಗುಳ್ಳೆಗಳು ಹುಟ್ಟುತ್ತವೆ. ಮುಂಬೈಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಅನಿರುದ್ಧ ಪಂಡಿತ್ ಮತ್ತು ಪರಾಗ್ ಗೋಗಟೆ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ವಿವೇಕ್ ರಾನಡೆ ಮತ್ತು ಸಂಗಡಿಗರು ಇದರ ಮೇಲೆ ದೀರ್ಘಕಾಲ ದುಡಿದಿದ್ದಾರೆ. ಒಂಟಿಯಾಗಿ ಈ ವಿಧಾನ ಮಾಡುವ ಕೆಲಸ ಅಷ್ಟಕ್ಕಷ್ಟೇ. ಪೆರಾಕ್ಸೈಡ್ ಅಥವಾ ಓಝೋನ್ ಜೊತೆ ಕೂಡಿದಾಗ ಕಸುವು ಬರುತ್ತದೆ.

ಯಾದಗಿರಿ ಸೀಮೆಗೆ ಹೆಚ್ಚು ಹೊಂದುವುದು ಬಿಸಿಲಿನ ಫೆಂಟನ್. ಫೆಂಟನ್ ತೊಟ್ಟಿಯಲ್ಲಿ ಕಬ್ಬಿಣ ಒಮ್ಮೆ ಎಲೆಕ್ಟ್ರಾನ್ ಕೊಟ್ಟು ಫೆರಿಕ್ ಆದರೆ ಮತ್ತೆ ಫೆರಸ್ ಆಗುವುದು ಬಲು ನಿಧಾನ. ಅದಕ್ಕಾಗಿಯೇ ಹೆಚ್ಚು ಕಬ್ಬಿಣ ಸುರಿಯಬೇಕಾಗುತ್ತದೆ, ಸ್ಲಡ್ಜೂ ಹೆಚ್ಚಾಗುತ್ತದೆ. ಬೆಳಕು ಬಿದ್ದರೆ ಈ ಮರುಪ್ರಯಾಣ ಚುರುಕಾಗುತ್ತದೆ. ಟೈಟಾನಿಯಂ ಡೈಆಕ್ಸೈಡಿಗೆ ಬಿಸಿಲಿನಲ್ಲಿರುವ ಶೇ 4-5ರಷ್ಟು ನೇರಳಾತೀತ ಕಿರಣ ಮಾತ್ರ ದಕ್ಕುತ್ತದೆ. ಕಬ್ಬಿಣ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಒಂದಿಷ್ಟನ್ನು ಬಳಸಿಕೊಳ್ಳುತ್ತದೆ. ಸ್ಪೇನಿನ ಅಲ್ಮೇರಿಯಾದಲ್ಲಿ ಹಸಿರುಮನೆ ಕೃಷಿಯ ಕೀಟನಾಶಕ ಡಬ್ಬಿಗಳನ್ನು ತೊಳೆದ ನೀರನ್ನು ಹೀಗೆ ಬಿಸಿಲಿನಲ್ಲೇ ಶುದ್ಧಗೊಳಿಸುವ ಸ್ಥಾವರ 2000ರ ದಶಕದಲ್ಲಿ ಕೆಲಸ ಶುರುಮಾಡಿತು. ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದಲ್ಲೂ ಭತ್ತ, ಹತ್ತಿ, ಮೆಣಸಿನಕಾಯಿಗೆ ಕೀಟನಾಶಕ ಹೊಡೆಯುವುದು ಹೆಚ್ಚಿದೆ. ಬಿಸಿಲಿಗೆ ಬರವಿಲ್ಲ. ಡಬ್ಬಿ ತೊಳೆದ ನೀರು ಕಾಲುವೆಗೆ ಸೇರುವ ಬದಲು ಇಂಥ ತೊಟ್ಟಿಗೆ ಸೇರಬಹುದಲ್ಲ ಎಂಬ ಯೋಚನೆಗೆ ಇಲ್ಲಿ ಜಾಗವಿದೆ.

ಹೈದರಾಬಾದಿನ ಪಾಠ

ಕಡೇಚೂರಿನ ಭವಿಷ್ಯ ಓದಲು ದೂರ ಹೋಗಬೇಕಿಲ್ಲ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಘಟಕಗಳ ನೀರು ಒಂದೇ ಸಾಮೂಹಿಕ ಸಂಸ್ಕರಣಾ ಸ್ಥಾವರಕ್ಕೆ ಹೋಗುತ್ತಿತ್ತು. ಸ್ವೀಡನ್ನಿನ ವಿಜ್ಞಾನಿ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಅಲ್ಲಿಂದ ಹೊರಬರುತ್ತಿದ್ದ ‘ಶುದ್ಧ’ ನೀರನ್ನು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಸಿಪ್ರೋಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಲೀಟರ್‌ಗೆ 31 ಮಿಲಿಗ್ರಾಂವರೆಗೆ ಇತ್ತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಇದು ಹೆಚ್ಚು.

ತಪ್ಪಾದದ್ದು ಎಲ್ಲಿ? ಸಾಮೂಹಿಕ ಸ್ಥಾವರದಲ್ಲಿ ಎಲ್ಲ ನೀರೂ ಬೆರೆಯುತ್ತದೆ. ಸಿಓಡಿ ಅಂಕಿ ಇಳಿದರೂ ಜೀವಿಗಳಿಗೆ ದಕ್ಕದ ಅಣುಗಳು ಹಾಗೇ ದಾಟಿಹೋಗುತ್ತವೆ. ಪ್ರತಿಜೀವಕ ಮತ್ತು ಬ್ಯಾಕ್ಟೀರಿಯಾ ಒಂದೇ ತೊಟ್ಟಿಯಲ್ಲಿ ದಿನಗಟ್ಟಲೆ ಕೂಡಿದ್ದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ಅದಕ್ಕಿಂತ ಒಳ್ಳೆಯ ಗರಡಿಮನೆ ಬೇಕಿಲ್ಲ. ಬೆರೆಸಿದ ಲಕ್ಷ ಲೀಟರಿನಲ್ಲಿ ಆ ಅಣುವನ್ನು ಬೆನ್ನಟ್ಟುವ ಬದಲು, ಅದು ಹುಟ್ಟಿದ ಕೊಠಡಿಯಲ್ಲೇ, ಕೆಲವು ನೂರು ಲೀಟರಿನ ಮದರ್ ಲಿಕ್ಕರಿನಲ್ಲೇ ಹಿಡಿದಿದ್ದರೆ? ಪ್ರತಿಜೀವಕದ ಗುಣ ಕಳೆಯಲು ಇಡೀ ಅಣುವನ್ನು ಬೂದಿ ಮಾಡಬೇಕಿಲ್ಲ. ಬ್ಯಾಕ್ಟೀರಿಯಾವನ್ನು ಹಿಡಿಯುವ ಅದರ ಕೊಕ್ಕೆಯ ಭಾಗ ಮುರಿದರೆ ಸಾಕು. ಹೆಚ್ಚು ಕರೆಂಟ್ ಉಳಿಸುವುದು ಯಂತ್ರದ ಆಯ್ಕೆಗಿಂತ ಪೈಪಿನ ಜೋಡಣೆ. ಯಾವ ನೀರನ್ನು ಯಾವುದರ ಜೊತೆ ಬೆರೆಸಬಾರದು ಎಂಬ ವಿವೇಕ ಬೇಕು.

ಉತ್ಕರ್ಷಣೆಗೆ ಎಟುಕದ್ದು

ಇಷ್ಟೆಲ್ಲ ಮಾಡಿದರೂ ಉಪ್ಪು ಉಪ್ಪಾಗಿಯೇ ಉಳಿಯುತ್ತದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಸೋಡಿಯಂ ಕ್ಲೋರೈಡನ್ನು ಸುಡಲಾರದು. ಫೆಂಟನ್ನಿನಲ್ಲಿ ಆಮ್ಲ ಹಾಕಿ ಸುಣ್ಣ ಹಾಕಿ ಇನ್ನಷ್ಟು ಸಲ್ಫೇಟ್ ಸೇರಿಸಿದಂತಾಗುತ್ತದೆ. ಕ್ಲೋರೈಡ್ ಹೆಚ್ಚಿದ್ದರೆ ರ‍್ಯಾಡಿಕಲ್‌ಗಳನ್ನು ಅದೇ ಕಬಳಿಸುತ್ತದೆ, ಕ್ಲೋರಿನ್ ಸೇರಿದ ಹೊಸ ಕಶ್ಮಲಗಳೂ ಹುಟ್ಟಬಹುದು. ಆದ್ದರಿಂದ ಔಷಧ ಘಟಕಗಳಲ್ಲಿ ಉಪ್ಪಿನ ನೀರನ್ನು ‘ಹೈ ಟಿಡಿಎಸ್’ ಎಂದು ಬೇರೆ ಮಾಡಿ, ಮೊದಲು ಸ್ಟ್ರಿಪ್ಪರಿನಲ್ಲಿ ದ್ರಾವಕ ಹಾರಿಸಿ, ಆಮೇಲೆ ಬಹುಹಂತದ ಬಾಷ್ಪೀಕರಣದಲ್ಲಿ ಕುದಿಸಿ ಉಪ್ಪನ್ನು ಗಟ್ಟಿ ಮಾಡುತ್ತಾರೆ. ಸಾವಿರ ಲೀಟರ್ ಕುದಿಯುವ ನೀರನ್ನು ಆವಿ ಮಾಡಲು 627 ಯೂನಿಟ್‌ನಷ್ಟು ಶಾಖ ಬೇಕು. ಮೂರು ಹಂತದ ಯಂತ್ರ ಒಂದು ಹಂತದ ಆವಿಯಿಂದ ಮುಂದಿನದನ್ನು ಕಾಯಿಸಿ ಇದನ್ನು ಮೂರನೇ ಒಂದರ ಆಸುಪಾಸಿಗೆ ಇಳಿಸುತ್ತದೆ. ಆದರೂ ಇಡೀ ಕಾರ್ಖಾನೆಯ ನೀರಿನ ಖರ್ಚಿನಲ್ಲಿ ಇದು ದೊಡ್ಡ ಪಾಲು. ಟ್ಯಾಂಕರ್ ತುಂಬಿಸಿ ರಾತ್ರಿ ಹಳ್ಳಕ್ಕೆ ಸುರಿಯುವ ಆಸೆ ಎಲ್ಲೆಡೆ ಹುಟ್ಟುವುದು ಈ ಬಿಲ್ಲಿನಿಂದಲೇ.

ಉತ್ಕರ್ಷಣೆ ಎಂದರೆ ಯಾವಾಗಲೂ ಶುದ್ಧಿ ಎಂದೂ ತಿಳಿಯಬಾರದು. ಇದೇ ಜಿಲ್ಲೆಯ ನೆಲದಲ್ಲಿ ಎರಡು ತದ್ವಿರುದ್ಧ ಉದಾಹರಣೆಗಳಿವೆ.

ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ. ಕರಾವಳಿಯದಲ್ಲ, ಹಳೆಯ ಚಿನ್ನದ ಗಣಿಯ ಮಂಗಳೂರು. ಈ ಪಟ್ಟಿಯ ಶಿಲೆಗಳಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಇದೆ. ಕಿರದಳ್ಳಿ ತಾಂಡಾದ ಜನರಲ್ಲಿ ಆರ್ಸೆನಿಕ್‌ನಿಂದಾದ ಚರ್ಮದ ಗಾಯಗಳು ಕಂಡುಬಂದದ್ದನ್ನು ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದರು. ಅಂತರ್ಜಲದಲ್ಲಿ ಆರ್ಸೆನಿಕ್ ಎರಡು ವೇಷದಲ್ಲಿರುತ್ತದೆ: ಉತ್ಕರ್ಷಣ ಸ್ಥಿತಿ ಮೂರು ಇಲ್ಲವೇ ಐದು. ಮೂರರ ವೇಷದ್ದಕ್ಕೆ ವಿದ್ಯುದಂಶವಿಲ್ಲ, ಸೋಸುಕಕ್ಕೆ ಸಿಗದೆ ಜಾರುತ್ತದೆ. ಉತ್ಕರ್ಷಿಸಿ ಐದರ ವೇಷಕ್ಕೆ ತಂದರೆ ಋಣ ವಿದ್ಯುದಂಶ ಬಂದು ಕಬ್ಬಿಣದ ತುಕ್ಕಿಗೆ ಗಟ್ಟಿಯಾಗಿ ಅಂಟುತ್ತದೆ. ಒಂದು ಮಿಲಿಗ್ರಾಂ ಆರ್ಸೆನಿಕ್ ಹೀಗೆ ಬದಲಾಗಲು ಒಂದು ಮಿಲಿಗ್ರಾಂಗಿಂತ ತುಸು ಕಡಿಮೆ ಕ್ಲೋರಿನ್ ಸಾಕು. ಲೀಟರ್‌ಗೆ 0.3 ಮಿಲಿಗ್ರಾಂ ಆರ್ಸೆನಿಕ್ ಇರುವ ಸಾವಿರ ಲೀಟರ್ ನೀರಿಗೆ ಗ್ರಾಂನ ಮೂರನೇ ಒಂದು ಭಾಗವೂ ಬೇಡ. ಇಲ್ಲಿ ಉತ್ಕರ್ಷಣೆಗೆ ಕರೆಂಟು ಬೇಕೇ ಇಲ್ಲ ಎಂದರೂ ನಡೆದೀತು. ಬೇಕಾದದ್ದು, ಆರ್ಸೆನಿಕ್ ಹಿಡಿದುಕೊಂಡ ಆ ಸ್ಲಡ್ಜನ್ನು ಮತ್ತೆ ಬಾವಿಗೆ ಇಳಿಯದ ಹಾಗೆ ಕಾಪಾಡುವ ಎಚ್ಚರ.

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಇದು ತಿರುಗುಮುರುಗು. ಅಲ್ಲಿಯ ಶಿಲೆಯಲ್ಲಿ ಯುರೇನಿಯಂ ನಿಕ್ಷೇಪವಿದೆ. ನಾಲ್ಕರ ಸ್ಥಿತಿಯ ಯುರೇನಿಯಂ ಕಲ್ಲಿನಲ್ಲೇ ಕೂತಿರುತ್ತದೆ, ನೀರಿಗೆ ಕರಗದು. ಆಮ್ಲಜನಕ ತಗುಲಿ ಆರರ ಸ್ಥಿತಿಗೆ ಏರಿದರೆ ಕಾರ್ಬೊನೇಟ್ ಜೊತೆ ಸೇರಿ ನೀರಿನಲ್ಲಿ ಹರಿದುಹೋಗುತ್ತದೆ. ಅದಿರಿನಿಂದ ಯುರೇನಿಯಂ ತೆಗೆಯಲು ಕಾರ್ಖಾನೆಗಳು ಬಳಸುವುದೂ ಇದೇ ಉತ್ಕರ್ಷಣೆಯನ್ನು. ಚರ್ಮ ಹದ ಮಾಡಿದ ನೀರಿನ ಕ್ರೋಮಿಯಂ ಕೂಡ ಹೀಗೆಯೇ; ಸುಡಲು ಹೋದರೆ ಕಡಿಮೆ ಅಪಾಯದ ಮೂರರಿಂದ ಕ್ಯಾನ್ಸರ್‌ಕಾರಕವಾದ ಆರಕ್ಕೆ ಏರುತ್ತದೆ. ನೀರಿನಲ್ಲಿ ಏನಿದೆ ಎಂದು ತಿಳಿಯದೆ ಉತ್ಕರ್ಷಿಸುವುದು ರೋಗ ತಿಳಿಯದೆ ಮಾತ್ರೆ ಕೊಟ್ಟಷ್ಟೇ ತಪ್ಪು.

ಕೇಳಬೇಕಾದ ಪ್ರಶ್ನೆಗಳು

ಹೊಸ ಕಾರ್ಖಾನೆಗೆ ಪರಿಸರ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯುವುದುಂಟು. ಅಲ್ಲಿ ಕಂಪನಿಯವರು ತ್ಯಾಜ್ಯನೀರು ಸಂಸ್ಕರಣಾ ಸ್ಥಾವರದ (ಇಟಿಪಿ) ಬಣ್ಣದ ನಕ್ಷೆ ತೋರಿಸುತ್ತಾರೆ. ‘ಆಧುನಿಕ ಉತ್ಕರ್ಷಣ ತಂತ್ರಜ್ಞಾನ’, ‘ಶೂನ್ಯ ತ್ಯಾಜ್ಯ’ ಎಂಬ ಮಾತುಗಳು ಬರುತ್ತವೆ. ಊರವರು ರಸಾಯನಶಾಸ್ತ್ರ ಓದಿರಬೇಕಿಲ್ಲ. ಕೆಲವು ನೇರ ಪ್ರಶ್ನೆಗಳು ಸಾಕು.

ಉಪ್ಪಿನ ನೀರು, ಮದರ್ ಲಿಕ್ಕರ್, ತೊಳೆದ ನೀರು, ಶೌಚಾಲಯದ ನೀರು ಬೇರೆ ಬೇರೆ ಪೈಪಿನಲ್ಲಿ ಬರುತ್ತವೆಯೋ, ಎಲ್ಲ ಒಂದೇ ತೊಟ್ಟಿಗೋ? ಉತ್ಕರ್ಷಣೆಗೆ ಮುಂಚೆ ಮತ್ತು ಆಮೇಲೆ ಸಿಓಡಿ ಮಾತ್ರವಲ್ಲ, ಬಿಓಡಿ ಎಷ್ಟು? ಸಿಓಡಿಯಲ್ಲಿ ಬಿಓಡಿಯ ಪಾಲು ಏರದಿದ್ದರೆ ಆ ಯಂತ್ರ ಕಣಿಕಿಯನ್ನು ಕತ್ತರಿಸುತ್ತಲೇ ಇಲ್ಲ. ಮಾದರಿ ತೆಗೆಯುವ ಮುಂಚೆ ಉಳಿದ ಪೆರಾಕ್ಸೈಡನ್ನು ನಾಶಮಾಡಿದ್ದೀರಾ? ಯಾಕೆಂದರೆ ಉಳಿಕೆ ಪೆರಾಕ್ಸೈಡ್ ಡೈಕ್ರೋಮೇಟ್ ಪರೀಕ್ಷೆಯನ್ನು ದಾರಿ ತಪ್ಪಿಸುತ್ತದೆ. ಮೀನಿನ ಪರೀಕ್ಷೆಯ ವರದಿ ಎಲ್ಲಿ? ಉಪ್ಪು ಮತ್ತು ಸ್ಲಡ್ಜ್ ತಿಂಗಳಿಗೆ ಎಷ್ಟು ಟನ್, ಯಾವ ಲಾರಿಯಲ್ಲಿ ಎಲ್ಲಿಗೆ ಹೋಗುತ್ತದೆ?

ಕೊನೆಯದಾಗಿ, ಇಟಿಪಿಗೆ ಬೇರೆ ಮೀಟರ್ ಇದೆಯೇ? ಈ ಒಂದು ಪ್ರಶ್ನೆ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಸಂಸ್ಕರಿಸಿದ ನೀರಿನ ಲೆಕ್ಕಕ್ಕೂ ಸುಟ್ಟ ಕರೆಂಟಿನ ಲೆಕ್ಕಕ್ಕೂ ತಾಳೆಯಾಗಲೇಬೇಕು. ಸಾವಿರ ಲೀಟರ್ ಆವಿ ಮಾಡಿದೆವು ಎಂದು ಬರೆದ ಪುಸ್ತಕದ ಪಕ್ಕದಲ್ಲಿ ಅಷ್ಟು ಹಬೆಯ ಖರ್ಚು ಕಾಣದಿದ್ದರೆ ಆ ನೀರು ಬೇರೆಲ್ಲೋ ಹೋಗಿದೆ. ಶಕ್ತಿ ಉಳಿತಾಯದ ವಿಧಾನ ಊರಿಗೂ ಬೇಕು, ಕಂಪನಿಗೂ ಬೇಕು. ಓಡಿಸಲು ದುಬಾರಿಯಾದ ಯಂತ್ರ ತಪಾಸಣೆಯ ದಿನ ಮಾತ್ರ ಓಡುತ್ತದೆ. ಕಡಿಮೆ ಕರೆಂಟಿನಲ್ಲಿ ನಡೆಯುವ ಯಂತ್ರವಾದರೆ ರಾತ್ರಿ ಪಾಳಿಯಲ್ಲೂ ಅದನ್ನು ನಿಲ್ಲಿಸಲು ಯಾರಿಗೂ ಕಾರಣವಿರುವುದಿಲ್ಲ.